ಉಸ್ತಾನಿಯ ಸಂಬಳ ಯಾವ ಖಾತೆಗೆ?

ಬೇಸಿಗೆ ರಜೆ ಹತ್ತಿರವಾದಂತೆ ನಮ್ಮ ಮೊಹಲ್ಲಾಗಳ ಗೋಡೆಗಳ ಮೇಲೆ ಪೋಸ್ಟರ್‌ಗಳು ಬರುತ್ತವೆ. ಹತ್ತು ದಿನಗಳ ದೀನಿಯಾತ್ ಶಿಬಿರ, ಹೆಣ್ಣುಮಕ್ಕಳಿಗೆ ತರ್ಬಿಯತಿ ಇಜ್ತೆಮಾ, ಒಂದು ತಿಂಗಳ ಅರಬಿ ಕ್ಲಾಸ್, ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮಾರ್ಗದರ್ಶನ. ಒಂದೊಂದು ತಂಜೀಮ್ ತನ್ನದೇ ಒಂದು ಕಾರ್ಯಕ್ರಮ ಇಡುತ್ತದೆ. ಇವುಗಳನ್ನು ನಾನು ಗೇಲಿ ಮಾಡುತ್ತಿಲ್ಲ. ನಾನು ಕುರ್‌ಆನ್ ಓದಲು ಕಲಿತದ್ದು ಇಂಥದೇ ಒಂದು ತರಗತಿಯಲ್ಲಿ, ಕನ್ನಡ ಬರೆಯಲು ಕಲಿತದ್ದು ಸರ್ಕಾರಿ ಶಾಲೆಯಲ್ಲಿ. ಎರಡೂ ಕಡೆ ಕಲಿಸಿದವರ ಋಣ ನನ್ನ ಮೇಲಿದೆ. ಆದರೆ ಕಾಮರ್ಸ್ ಓದುವವಳಿಗೆ ಪೋಸ್ಟರ್ ನೋಡಿದಾಗ ಬೇರೆಯೇ ಪ್ರಶ್ನೆ ಏಳುತ್ತದೆ. ಅತಿಥಿಗಳ ಹೆಸರು ದೊಡ್ಡ ಅಕ್ಷರದಲ್ಲಿದೆ, ಊಟದ ವ್ಯವಸ್ಥೆ ಇದೆ ಎಂದೂ ಇದೆ. ದಿನವೂ ಕಲಿಸುವವರು ಯಾರು? ಅವರಿಗೆ ಎಷ್ಟು ಕೊಡುತ್ತಾರೆ? ಶಿಬಿರ ಮುಗಿದ ಮೇಲೆ ಮಕ್ಕಳಿಗೆ ಏನು ಬಂತೆಂದು ಯಾರು ನೋಡುತ್ತಾರೆ?

ಇಸ್ಲಾಮೀ ಚಳವಳಿಗಳು ನಡೆಸುವ ಶಿಕ್ಷಣದ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದರೆ ಅದು ಹೆಚ್ಚಾಗಿ ಪಠ್ಯದ ಮೇಲೆಯೇ ನಡೆಯುತ್ತದೆ. ಯಾವ ಕಿತಾಬು, ಯಾವ ಮಸ್ಲಕ್, ಇಂಗ್ಲಿಷ್ ಬೇಕೋ ಬೇಡವೋ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಲೆಕ್ಕದ ಪ್ರಶ್ನೆ ಎಂದು ನನ್ನ ಅಭಿಪ್ರಾಯ. ಕಲಿಸುವವರ ಸಂಬಳವನ್ನು ಖರ್ಚಿನ ಮೊದಲ ಸಾಲಿನಲ್ಲಿ ಬರೆದು, ಆ ಲೆಕ್ಕವನ್ನು ಚಂದಾ ಕೊಟ್ಟ ಎಲ್ಲರಿಗೂ ತೋರಿಸುವ ಸಂಘಟನೆಯ ಶಾಲೆ ನಿಲ್ಲುತ್ತದೆ. ಉಳಿದವರ ಶಾಲೆ ಅವರ ಹುಮ್ಮಸ್ಸು ಇರುವಷ್ಟು ದಿನ ನಡೆಯುತ್ತದೆ, ಅಷ್ಟೆ.

ಇದನ್ನು ಗಾಳಿಯಲ್ಲಿ ಹೇಳುತ್ತಿಲ್ಲ. ಇಂಡೋನೇಷ್ಯಾದ ಮುಹಮ್ಮದಿಯಾ ಸಂಘಟನೆಯನ್ನು ನೋಡಿ. ಇವತ್ತು ಅದರ ಕೈಯಲ್ಲಿ ಸಾವಿರಾರು ಶಾಲೆಗಳು, ನೂರೈವತ್ತಕ್ಕೂ ಹೆಚ್ಚು ಉನ್ನತ ಶಿಕ್ಷಣ ಸಂಸ್ಥೆಗಳು, ನೂರಕ್ಕೂ ಹೆಚ್ಚು ಆಸ್ಪತ್ರೆಗಳಿವೆ. ಜಗತ್ತಿನ ಯಾವ ಇಸ್ಲಾಮೀ ಚಳವಳಿಯೂ ಇಷ್ಟು ದೊಡ್ಡ ಶಿಕ್ಷಣದ ಕೆಲಸವನ್ನು ನೂರು ವರ್ಷಕ್ಕೂ ಮಿಕ್ಕಿ ನಡೆಸಿಕೊಂಡು ಬಂದದ್ದು ಬಹಳ ಅಪರೂಪ. ಇದನ್ನು 1912ರ ನವೆಂಬರ್ 18ರಂದು ಜಾವಾ ದ್ವೀಪದ ಯೋಗ್ಯಕರ್ತಾ ಪಟ್ಟಣದಲ್ಲಿ ಶುರು ಮಾಡಿದವರು ಕಿಯಾಯಿ ಅಹ್ಮದ್ ದಹ್ಲಾನ್. 'ಕಿಯಾಯಿ' ಎಂದರೆ ನಮ್ಮಲ್ಲಿ ಮೌಲಾನಾ ಅಂದಂತೆ. ಅವರು ದೊಡ್ಡ ಮಸೀದಿಯ ಖತೀಬರಾಗಿದ್ದರು, ಹೊಟ್ಟೆಪಾಡಿಗೆ ಬಾಟಿಕ್ ಬಟ್ಟೆಯ ವ್ಯಾಪಾರ ಮಾಡುತ್ತಿದ್ದರು. ವ್ಯಾಪಾರಿ ಎಂಬುದನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ನಮ್ಮ ಸೆಕ್ಷನ್‌ನವರಿಗೆ ಖುಷಿಯಾಗಲಿ.

ಸಂಘಟನೆಗೆ ಒಂದು ವರ್ಷ ಮೊದಲೇ ದಹ್ಲಾನ್ ತಮ್ಮ ಮನೆಯ ಕೋಣೆಯಲ್ಲಿ ಮದ್ರಸಾ ತೆರೆದಿದ್ದರು. ಮೊದಲಿಗೆ ಬಂದ ಮಕ್ಕಳು ಹತ್ತಕ್ಕಿಂತ ಕಡಿಮೆ. ನೆಲದ ಮೇಲೆ ಕೂತು ಓದುವ ರೂಢಿಯಿದ್ದ ಕಾಲದಲ್ಲಿ ಅವರು ಬೆಂಚು ಹಾಕಿಸಿದರು, ಕರಿಹಲಗೆ ತಂದರು, ದೀನಿನ ಪಾಠದ ಜೊತೆ ಲೌಕಿಕ ಪಾಠವನ್ನೂ ಇಟ್ಟರು. ಇದಕ್ಕಾಗಿ ಅವರನ್ನು ಕಾಫಿರ್ ಕಿಯಾಯಿ ಎಂದು ಕರೆದವರೂ ಇದ್ದರು. ಬೆಂಚಿನ ಮೇಲೆ ಕೂತ ಮಾತ್ರಕ್ಕೆ ಈಮಾನ್ ಹೋಗುತ್ತದೆಂದು ಅಂದಿನವರು ಹೆದರಿದ್ದನ್ನು ಓದಿ ನಾವು ನಗಬಹುದು. ಆದರೆ ಪ್ರತಿ ಕಾಲಕ್ಕೂ ಅದರದೇ ಒಂದು ಬೆಂಚು ಇರುತ್ತದೆ. ನಮ್ಮ ಕಾಲಕ್ಕೆ ಅದು ಮೊಬೈಲ್ ಇರಬಹುದು.

ಈ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಬೆಂಚಲ್ಲ. ದಹ್ಲಾನ್ ಸರ್ಕಾರಿ ಶಿಕ್ಷಕರ ತರಬೇತಿ ಶಾಲೆಯ ಹುಡುಗರಿಗೂ ದೀನಿಯಾತ್ ಹೇಳುತ್ತಿದ್ದರು. ಅವರ ಮನೆಯ ಶಾಲೆಯನ್ನು ನೋಡಿದ ಅಲ್ಲಿನ ವಿದ್ಯಾರ್ಥಿಯೊಬ್ಬ, ಇದನ್ನು ನೀವೊಬ್ಬರೇ ನಡೆಸಬೇಡಿ, ಒಂದು ಸಂಸ್ಥೆಯ ಕೈಗೆ ಕೊಡಿ, ಇಲ್ಲದಿದ್ದರೆ ನಿಮ್ಮ ನಂತರ ಇದೂ ಮುಚ್ಚಿಹೋಗುತ್ತದೆ ಎಂಬ ಸಲಹೆ ಕೊಟ್ಟನಂತೆ. ಕಿಯಾಯಿ ತೀರಿಕೊಂಡರೆ ಅವರ ಮದ್ರಸಾವೂ ಮುಚ್ಚುವುದು ಅಲ್ಲಿ ಸಾಮಾನ್ಯವಾಗಿತ್ತು. ಒಬ್ಬ ಆಲಿಮ್ ವಿದ್ಯಾರ್ಥಿಯ ಮಾತನ್ನು ಕೇಳಿಸಿಕೊಂಡರು ಎಂಬುದನ್ನು ನಮ್ಮ ಆಡಳಿತ ಮಂಡಳಿಯ ಹಿರಿಯರು ದಯವಿಟ್ಟು ಗಮನಿಸಬೇಕು. 1914ರಲ್ಲಿ ಡಚ್ ಸರ್ಕಾರದಿಂದ ಸಂಘಟನೆಗೆ ಕಾನೂನಿನ ಮಾನ್ಯತೆ ಸಿಕ್ಕಿತು, ಮೊದಲಿಗೆ ಯೋಗ್ಯಕರ್ತಾಕ್ಕೆ ಮಾತ್ರ. ಮುಂದೆ ಬೆಳೆದ ಶಾಲೆ, ಜಮೀನು, ಆಸ್ಪತ್ರೆ ಎಲ್ಲವೂ ಸಂಘಟನೆಯ ಹೆಸರಿನಲ್ಲಿ. ಯಾವುದೇ ಊರಿನ ಮುಖಂಡನಾಗಲಿ ಅವನ ಮಗನಾಗಲಿ ಅದನ್ನು ತಮ್ಮ ಸ್ವತ್ತು ಎನ್ನುವಂತಿಲ್ಲ.

ಮುಹಮ್ಮದಿಯಾದವರು ಇಂದಿಗೂ ಹೇಳಿಕೊಳ್ಳುವ ಒಂದು ಘಟನೆಯಿದೆ. ಒಂದು ಸಲ ಸಂಘಟನೆಯ ಪೆಟ್ಟಿಗೆ ಪೂರ್ತಿ ಬರಿದಾಯಿತು. ಶಿಕ್ಷಕರ ಸಂಬಳ ಕೊಡಬೇಕು, ದುಡ್ಡಿಲ್ಲ. ದಹ್ಲಾನ್ ಊರ ಜನರನ್ನು ತಮ್ಮ ಮನೆಗೆ ಕರೆದು, ಮನೆಯ ಸಾಮಾನನ್ನೆಲ್ಲ ಹರಾಜಿಗೆ ಇಟ್ಟರು. ಬಟ್ಟೆ, ಮೇಜು, ಕುರ್ಚಿ ಏನೂ ಬಿಡಲಿಲ್ಲ. ಬೇಕಿದ್ದದ್ದು ಸುಮಾರು 500 ಗಿಲ್ಡರ್. ಬಂದದ್ದು ಅದರ ಹಲವು ಪಟ್ಟು. ದುಡ್ಡು ಕೊಟ್ಟವರು ಸಾಮಾನು ಒಯ್ಯಲಿಲ್ಲ.

ಜಲ್ಸಾಗಳಲ್ಲಿ ಇಂಥ ಕಥೆ ಹೇಳಿದರೆ 'ಎಂಥಾ ಕುರ್ಬಾನಿ!' ಎಂದು ಕೊನೆಗೊಳಿಸುತ್ತಾರೆ. ನಾನು ಇದನ್ನು ಲೆಕ್ಕದ ಪುಸ್ತಕ ಓದಿದ ಹಾಗೆ ಓದುತ್ತೇನೆ. ದಹ್ಲಾನ್ ಶಿಕ್ಷಕರನ್ನು ಕರೆದು, ಈ ತಿಂಗಳು ಸಬರ್ ಮಾಡಿ, ಅಲ್ಲಾಹನ ದಾರಿಯ ಕೆಲಸ, ಆಖಿರತ್‌ನಲ್ಲಿ ಸಿಗುತ್ತದೆ ಎನ್ನಬಹುದಿತ್ತು. ಹೇಳಿದ್ದರೆ ಅವರು ಕೇಳುತ್ತಲೂ ಇದ್ದರು. ಅದನ್ನು ಹೇಳದೆ ತಮ್ಮ ಮೇಜು ಮಾರಲು ಹೊರಟರು. ಅಂದರೆ ಅವರ ಮಟ್ಟಿಗೆ ಶಿಕ್ಷಕರ ಸಂಬಳ ಎಂಬುದು ಸಂಘಟನೆಯ ತಲೆಯ ಮೇಲಿನ ಸಾಲ, ಅದನ್ನು ತೀರಿಸುವ ಹೊಣೆ ಮುಖಂಡನದು. ಕುರ್ಬಾನಿ ಮಾಡಿದ್ದು ಮೇಲಿದ್ದವರು. ನಮ್ಮಲ್ಲಿ ಎಷ್ಟೋ ಕಡೆ ಅದನ್ನು ಕೆಳಗಿದ್ದವರಿಂದ ಮಾಡಿಸುತ್ತಾರೆ.

ನಮ್ಮ ಕಡೆಯದೇ ಒಂದು ಸಂಗತಿ ಹೇಳುತ್ತೇನೆ, ಹೆಸರು ಬೇಡ. ಒಂದು ತಂಜೀಮ್ ನಡೆಸುತ್ತಿದ್ದ ಹೆಣ್ಣುಮಕ್ಕಳ ತರಗತಿಗೆ ನಾನು ನಾಲ್ಕು ವರ್ಷ ಹೋಗಿದ್ದೆ. ಉಸ್ತಾನಿಯವರು ಅಸರ್ ನಂತರ ಬಂದು ಮಗ್ರಿಬ್‌ವರೆಗೆ ನಲವತ್ತು ಹುಡುಗಿಯರಿಗೆ ತಜ್ವೀದ್ ಹೇಳಿಕೊಡುತ್ತಿದ್ದರು. ನಮ್ಮ 'ಖಾಫ್' ಸರಿಯಾಗುವವರೆಗೆ ಮನೆಗೆ ಬಿಡುತ್ತಿರಲಿಲ್ಲ. ಅವರಿಗೆ ತಿಂಗಳ ಸಂಬಳ ಎಂದು ಇರಲಿಲ್ಲ, 'ಹದಿಯಾ' ಇತ್ತು. ಹದಿಯಾ ಎಂದರೆ ಕಾಣಿಕೆ. ಕೊಡುವವರು ಕೊಟ್ಟಾಗ, ಕೊಟ್ಟಷ್ಟು. ರಂಜಾನ್‌ನಲ್ಲಿ ಒಂದು ಲಕೋಟೆ, ಜೊತೆಗೆ ಒಂದು ಸೂಟ್‌ಪೀಸ್. ಅದೇ ವರ್ಷದ ವಾರ್ಷಿಕ ಜಲ್ಸಾಗೆ ಶಾಮಿಯಾನ ಹಾಕಿದವರು, ಮೈಕಿನವರು, ಫ್ಲೆಕ್ಸ್ ಮುದ್ರಿಸಿದವರು, ಬಿರಿಯಾನಿ ಮಾಡಿದ ಭಟಿಯಾರ, ಎಲ್ಲರೂ ತಮ್ಮ ದುಡ್ಡನ್ನು ಎಣಿಸಿ ತೆಗೆದುಕೊಂಡೇ ಹೋದರು. ಶಾಮಿಯಾನದವರಿಗೆ ಹದಿಯಾ ಕೊಡುತ್ತೇವೆ ಎಂದು ಹೇಳಿ ನೋಡಿ, ಕಂಬ ನೆಡುವುದೇ ಇಲ್ಲ! ಮರುವರ್ಷ ಉಸ್ತಾನಿಯವರು ಬುರ್ಖಾ ಹೊಲಿಯುವ ಅಂಗಡಿಗೆ ಕೆಲಸಕ್ಕೆ ಸೇರಿದರು. ಅವರ ಮನೆಯವರಿಗೆ ಕಾಯಿಲೆ ಆಗಿತ್ತು, ಬಾಡಿಗೆ ಕಟ್ಟಬೇಕಿತ್ತು. ತರಗತಿ ನಿಂತುಹೋಯಿತು. ನನ್ನ ತಂಗಿಗೆ ಅವರ ಹತ್ತಿರ ಕಲಿಯುವ ಅವಕಾಶ ಸಿಗಲಿಲ್ಲ.

'ದೀನ್ ಕಲಿಸಲು ಇಂದು ಯಾರೂ ಮುಂದೆ ಬರುತ್ತಿಲ್ಲ' ಎಂದು ಆಮೇಲೆ ಒಂದು ಭಾಷಣದಲ್ಲಿ ಕೇಳಿದೆ. ಬಂದಿದ್ದರು. ನಿಲ್ಲಿಸಿಕೊಳ್ಳಲು ನಮಗೆ ಆಗಲಿಲ್ಲ.

ಲೆಕ್ಕಶಾಸ್ತ್ರದಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ ಬೇರೆಯೇ ಒಂದು ಕ್ರಮವಿದೆ. ಅಲ್ಲಿ ಎರಡು ಖಾತೆಗಳ ವ್ಯತ್ಯಾಸವನ್ನು ಮೊದಲು ಕಲಿಯಬೇಕು. ಒಂದು, ಕೈಗೆ ಎಷ್ಟು ಬಂತು, ಕೈಯಿಂದ ಎಷ್ಟು ಹೋಯಿತು ಎಂಬ ಜಮಾ-ಪಾವತಿ ಖಾತೆ. ಇನ್ನೊಂದು ಆದಾಯ-ವೆಚ್ಚದ ಖಾತೆ. ಮೊದಲನೆಯದರಲ್ಲಿ ಕೊಡದೇ ಉಳಿದ ಸಂಬಳ ಕಾಣುವುದೇ ಇಲ್ಲ, ಏಕೆಂದರೆ ದುಡ್ಡು ಕೈಯಿಂದ ಹೋಗಿಲ್ಲ. ಎರಡನೆಯದರಲ್ಲಿ ಕೊಟ್ಟರೂ ಕೊಡದಿದ್ದರೂ ಆ ವರ್ಷದ ಸಂಬಳವನ್ನು ಪೂರ್ತಿ ಬರೆಯಲೇಬೇಕು, ಬಾಕಿಯನ್ನು ಅಢಾವೆ ಪತ್ರಿಕೆಯಲ್ಲಿ ಹೊಣೆಗಾರಿಕೆಯ ಕಡೆ ತೋರಿಸಬೇಕು. ನಮ್ಮ ಶಿಬಿರ, ತರಗತಿಗಳ ಲೆಕ್ಕ ಇದ್ದರೆ ಅದು ಮೊದಲನೆಯ ಬಗೆಯದ್ದು. 'ಇಷ್ಟು ಬಂತು, ಇಷ್ಟು ಹೋಯಿತು, ಅಲ್ಹಮ್ದುಲಿಲ್ಲಾಹ್ ಇಷ್ಟು ಉಳಿಯಿತು.' ಉಳಿದದ್ದು ಯಾರದು ಎಂದು ಕೇಳುವವರಿಲ್ಲ. ಹದಿಯಾ ಎಂಬ ಮಾತಿನ ಚಮತ್ಕಾರವೂ ಇಲ್ಲೇ ಇದೆ. ಕಾಣಿಕೆಗೆ ಬಾಕಿ ಎಂಬುದಿಲ್ಲ. ಸಂಬಳ ಎಂದು ಕರೆದ ದಿನವೇ ಅದು ಸಾಲವಾಗುತ್ತದೆ.

ಸಾಲದ ವ್ಯವಹಾರವನ್ನು ಬರೆದಿಡಬೇಕು ಎಂಬುದು ನಮಗೆ ಹೊಸದೇನಲ್ಲ. ಕುರ್‌ಆನಿನ ಅತಿ ಉದ್ದದ ಆಯತ್, ಅಲ್ ಬಕರಾ ಸೂರಾದ 282ನೆಯದು, ಇರುವುದೇ ಅದರ ಬಗ್ಗೆ. ಬರೆಯುವವನು ಹೇಗಿರಬೇಕು, ಸಾಕ್ಷಿಗಳು ಯಾರು, ಸಣ್ಣ ಮೊತ್ತವಾದರೂ ಬೇಸರಪಡಬಾರದು ಎಂಬುದೆಲ್ಲ ಅಲ್ಲಿದೆ. ಕೆಲಸಗಾರನ ಬೆವರು ಮತ್ತು ಕೂಲಿಯ ಹದೀಸ್ ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದನ್ನು ಮಕ್ಕಳಿಗೆ ಹೇಳಿಕೊಟ್ಟವರಿಗೇ ಅದು ಅನ್ವಯಿಸುತ್ತಿಲ್ಲ.

ಇಲ್ಲಿ ಒಂದು ನಿಜವಾದ ತೊಡಕಿದೆ, ಅದನ್ನು ಬಿಟ್ಟು ಆಡಳಿತದವರನ್ನು ಮಾತ್ರ ದೂರಿದರೆ ಅನ್ಯಾಯ. ನಮ್ಮ ಜನ ಕೈಬಿಚ್ಚಿ ಕೊಡುವುದು ರಂಜಾನ್‌ನಲ್ಲಿ, ಅದೂ ಜಕಾತ್. ಹನಫಿ ಫಿಕ್ಹ್ ಪ್ರಕಾರ ಜಕಾತ್ ಹಣವನ್ನು ಅರ್ಹ ಬಡವರಿಗೆ ಅವರದೇ ಸ್ವತ್ತಾಗುವಂತೆ ಕೊಡಬೇಕು. ಇದಕ್ಕೆ ತಮ್ಲೀಕ್ ಎನ್ನುತ್ತಾರೆ. ಆ ಹಣದಲ್ಲಿ ಕಟ್ಟಡ ಕಟ್ಟುವಂತಿಲ್ಲ, ಸಂಬಳ ಕೊಡುವಂತಿಲ್ಲ. ಹಾಗಾಗಿ ಮದ್ರಸಾದ ಬ್ಯಾಂಕ್ ಪುಸ್ತಕದಲ್ಲಿ ದುಡ್ಡಿದ್ದರೂ ಸಂಬಳದ ತಲೆಬರಹದ ಕೆಳಗೆ ದುಡ್ಡಿಲ್ಲದಿರಬಹುದು. ಸಂಬಳ ಬರಬೇಕಾದದ್ದು ಜಕಾತ್ ಅಲ್ಲದ ಇಮ್ದಾದ್ ಹಣದಿಂದ. ಅದನ್ನು ಕೇಳುವವರು ಕಡಿಮೆ, ಕೊಡುವವರು ಇನ್ನೂ ಕಡಿಮೆ. ಕಟ್ಟಡಕ್ಕೆ ಕೊಟ್ಟರೆ ಕಲ್ಲಿನ ಮೇಲೆ ಹೆಸರು ಬರುತ್ತದೆ. ಮಾರ್ಚ್ ತಿಂಗಳ ಸಂಬಳಕ್ಕೆ ಕೊಟ್ಟವರ ಹೆಸರನ್ನು ಯಾವ ಕಲ್ಲಿನ ಮೇಲೆ ಕೆತ್ತುವುದು? ಆದರೂ ಒಂದು ಮಾತು ಯೋಚಿಸಿ. ಸೂರಾ ತೌಬಾದ 60ನೇ ಆಯತ್ ಹೇಳುವ ಜಕಾತಿನ ಎಂಟು ಹಕ್ಕುದಾರ ವರ್ಗಗಳಲ್ಲಿ ಒಂದು, ಜಕಾತ್ ವಸೂಲಿಯ ಕೆಲಸ ಮಾಡುವವರದ್ದು. ದೀನಿನ ಕೆಲಸಕ್ಕೆ ಹೊತ್ತು ಕೊಟ್ಟವರ ಹೊಟ್ಟೆಯ ಲೆಕ್ಕ ಅಲ್ಲಿ ಮೊದಲೇ ಆಗಿದೆ.

ಈ ಚಂದಾದ ವಿಷಯದಲ್ಲಿ ನನ್ನ ಎರಡನೆಯ ಉದಾಹರಣೆ ದೇವ್‌ಬಂದ್. 1866ರಲ್ಲಿ ಉತ್ತರ ಪ್ರದೇಶದ ಈ ಸಣ್ಣ ಊರಿನ ಛತ್ತಾ ಮಸೀದಿಯಲ್ಲಿ, ದಾಳಿಂಬೆ ಮರದ ಕೆಳಗೆ, ಮಹಮೂದ್ ಎಂಬ ಉಸ್ತಾದ್ ಮಹಮೂದ್ ಎಂಬ ವಿದ್ಯಾರ್ಥಿಗೆ ಪಾಠ ಶುರು ಮಾಡಿದರು ಎಂಬ ಕಥೆ ಬಹಳ ಜನರಿಗೆ ಗೊತ್ತು. ಆ ಮರದ ಬಗ್ಗೆ ಮಾತಾಡುವವರು ಆ ಉಸ್ತಾದರನ್ನು ಮೀರತ್‌ನಿಂದ ಕರೆಸುವಾಗಲೇ ತಿಂಗಳಿಗೆ 15 ರೂಪಾಯಿ ಸಂಬಳ ಗೊತ್ತುಮಾಡಿದ್ದರು ಎಂಬುದನ್ನು ಹೇಳುವುದಿಲ್ಲ. ಕಟ್ಟಡ ಇನ್ನೂ ಇಲ್ಲ, ಸಂಬಳ ಇದೆ! ಆಮೇಲೆ ಅಲ್ಲಿ ನಿಗದಿಯಾದ ಪಠ್ಯಕ್ರಮ, ತರಗತಿ, ವಾರ್ಷಿಕ ಪರೀಕ್ಷೆ, ಸಲಹಾ ಸಮಿತಿ ಎಲ್ಲ ಬಂದವು. ಪ್ರತಿ ವರ್ಷ 'ರೂದಾದ್' ಎಂಬ ವರದಿ ಅಚ್ಚಾಗುತ್ತಿತ್ತು. ಚಂದಾ ಕೊಟ್ಟವರ ಹೆಸರು ಅದರಲ್ಲಿ ಇರುತ್ತಿತ್ತು, ದೊಡ್ಡ ಮೊತ್ತ ಮೇಲೆ, ಸಣ್ಣದು ಕೆಳಗೆ ಎಂದಲ್ಲ, ಬಂದ ಕ್ರಮದಲ್ಲಿ. ಪುಸ್ತಕ, ದವಸ ಕೊಟ್ಟವರದ್ದೂ ಲೆಕ್ಕವಿತ್ತು. ನವಾಬರ ಆಶ್ರಯ ಹೋಗಿ, ಬ್ರಿಟಿಷರ ಸಹಾಯ ಬೇಡವೆಂದು ನಿಂತವರಿಗೆ ದೂರದೂರದ ಸಾಮಾನ್ಯ ಜನರ ವಿಶ್ವಾಸ ಬೇಕಿತ್ತು. ಅದನ್ನು ಅವರು ಅಚ್ಚು ಹಾಕಿದ ಲೆಕ್ಕದಿಂದ ಗಳಿಸಿದರು.

ಮೌಲಾನಾ ಕಾಸಿಂ ನಾನೌತವಿ ಬರೆದಿಟ್ಟ ಎಂಟು ನಿಯಮಗಳಲ್ಲಿ ಒಂದರ ಬಗ್ಗೆ ನನಗೆ ಗೌರವವೂ ಇದೆ, ಅನುಮಾನವೂ ಇದೆ. ಮದ್ರಸಾಕ್ಕೆ ಜಮೀನು, ಕಾರ್ಖಾನೆಯಂಥ ಖಚಿತ ಆದಾಯ ಬಂದರೆ ಅಲ್ಲಾಹನ ಮೇಲಿನ ಭಯ, ಭರವಸೆ ಕಡಿಮೆಯಾಗಿ ಜಗಳ ಶುರುವಾಗುತ್ತದೆ ಎಂಬುದು ಅದರ ಸಾರ. ಆಸ್ತಿ ಬಂದ ಮೇಲೆ ಕಮಿಟಿಗಳಲ್ಲಿ ಏನಾಗುತ್ತದೆ ಎಂದು ನೋಡಿದವರಿಗೆ ಇದರ ಸತ್ಯ ಗೊತ್ತು. ಆದರೆ ಆ ಭಯ ಕಮಿಟಿಯ ಮೇಜಿನ ಮೇಲಿರಬೇಕು. ಇಂದು ಅದು ಅಲ್ಲಿಂದ ಇಳಿದು ಉಸ್ತಾದರ ಅಡುಗೆಮನೆಗೆ ಬಂದು ಕೂತಿದೆ. ಮುಹಮ್ಮದಿಯಾ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ತನ್ನ ಶಾಲೆಗಳಿಗೆ ಡಚ್ ಸರ್ಕಾರದ ಅನುದಾನವನ್ನೂ ಪಡೆಯಿತು, ಅದಕ್ಕಾಗಿ ಟೀಕೆಯನ್ನೂ ಕೇಳಿತು. ಯಾರು ಸರಿ ಎಂದು ತೀರ್ಪು ಕೊಡುವಷ್ಟು ನಾನು ಓದಿಲ್ಲ. ಇಬ್ಬರೂ ಕೊಡುವವರಿಗೆ ಲೆಕ್ಕ ಒಪ್ಪಿಸಿದರು ಎಂಬುದು ನನ್ನ ವಾದಕ್ಕೆ ಸಾಕು.

ಸಂಬಳ ಕೊಟ್ಟರೆ ಇಖ್ಲಾಸ್ ಹೋಗುತ್ತದೆ ಎನ್ನುವವರಿದ್ದಾರೆ. ನಮ್ಮ ದಾದಿಯೂ ಹಾಗೇ ಹೇಳುತ್ತಾರೆ, 'ಪೈಸಾ ಬೀಚ್ ಮೇ ಆಯಾ ತೋ ಬರಕತ್ ಗಯೀ' ಎಂದು. ದಾದಿಯ ಕಾಲದಲ್ಲಿ ಉಸ್ತಾದರ ಮನೆಗೆ ಮೊಹಲ್ಲಾದಿಂದ ಜೋಳ, ಬೆಲ್ಲ, ತುಪ್ಪ ಹೋಗುತ್ತಿತ್ತು. ಅದು ಬೇರೆ ರೂಪದ ಸಂಬಳವೇ. ಈಗ ಜೋಳವೂ ಹೋಗುತ್ತಿಲ್ಲ, ದುಡ್ಡೂ ಹೋಗುತ್ತಿಲ್ಲ, ಇಖ್ಲಾಸ್‌ನ ನಿರೀಕ್ಷೆ ಮಾತ್ರ ಉಳಿದಿದೆ. ನಮ್ಮ ಕಾಲೇಜಿನ ಲೆಕ್ಚರರ್‌ಗಳು ಸಂಬಳ ತೆಗೆದುಕೊಂಡೂ ಪರೀಕ್ಷೆಯ ಹಿಂದಿನ ರಾತ್ರಿ ನಮ್ಮ ಫೋನ್ ಎತ್ತುತ್ತಾರೆ. ಅವರ ಇಖ್ಲಾಸ್‌ಗೆ ಏನಾಗಿದೆ?

ಸಂಬಳ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳುತ್ತಿಲ್ಲ. ಕಲಿಸುವವರಿಗೂ ತರಬೇತಿ ಬೇಕು. ದಹ್ಲಾನ್ 1918ರಲ್ಲೇ ಶಿಕ್ಷಕರನ್ನು ತಯಾರು ಮಾಡಲು ಬೇರೆ ಶಾಲೆ ತೆರೆದರು, ಇಂದಿನ ಮುಅಲ್ಲಿಮೀನ್ ಮದ್ರಸಾ ಅದರಿಂದ ಬೆಳೆದದ್ದು. ಕಲಿತದ್ದಕ್ಕೆ ಪರೀಕ್ಷೆಯೂ ಬೇಕು. ಅವರು ಮಾಊನ್ ಸೂರಾವನ್ನೇ ದಿನವೂ ಹೇಳಿಕೊಡುತ್ತಿದ್ದಾಗ ಶಿಷ್ಯರು ಬೇಸತ್ತು, ನಮಗೆ ಇದು ಬಾಯಿಪಾಠ ಆಗಿದೆಯಲ್ಲ ಎಂದರಂತೆ. ಹಾಗಾದರೆ ಎಷ್ಟು ಯತೀಮರಿಗೆ ಊಟ ಹಾಕಿದ್ದೀರಿ ಎಂದು ಕೇಳಿ ಅವರನ್ನು ಬೀದಿಗೆ ಕಳಿಸಿದರಂತೆ. ಅದೊಂದು ಬಗೆಯ ಪರೀಕ್ಷೆ. ಇನ್ನೊಂದು ಬಗೆ ನಮ್ಮ ಪಕ್ಕದ ಕೇರಳದ್ದು. 1951ರಲ್ಲಿ ಸಮಸ್ತದವರು ಮದ್ರಸಾಗಳಿಗೆಂದೇ ಶಿಕ್ಷಣ ಮಂಡಳಿ ಮಾಡಿದರು. ಐದು, ಏಳು, ಹತ್ತನೇ ತರಗತಿಗಳಿಗೆ ಪಬ್ಲಿಕ್ ಪರೀಕ್ಷೆ, ತಪಾಸಣೆಗೆ ಮುಫತ್ತಿಶ್‌ಗಳು. ದಕ್ಷಿಣ ಕನ್ನಡದ ಮದ್ರಸಾದಲ್ಲಿ ಓದಿ ಬಂದ ಗೆಳತಿಯರಿಗೆ ಇದು ಎಷ್ಟು ಸಹಜವೆಂದರೆ, ನಮ್ಮ ಕಡೆ ಹೀಗಿಲ್ಲ ಎಂದರೆ ಅವರಿಗೆ ಆಶ್ಚರ್ಯ.

ಹೊತ್ತಿನ ವಿಷಯವೂ ಸಣ್ಣದಲ್ಲ. ದಹ್ಲಾನರ ಪತ್ನಿ ಸಿತಿ ವಾಲಿದಾ ಬಾಟಿಕ್ ಕೆಲಸ ಮಾಡುವ ಹೆಂಗಸರಿಗೆ ಅವರ ಕೆಲಸ ಮುಗಿದ ಮೇಲೆ, ಮಗ್ರಿಬ್ ನಂತರ, ಪಾಠ ಇಟ್ಟರು. 1917ರಲ್ಲಿ ಹೆಂಗಸರದೇ ಸಂಘಟನೆ 'ಆಯಿಶಿಯಾ' ಹುಟ್ಟಿತು, 1919ರಲ್ಲಿ ಅದು ಶಿಶುವಿಹಾರ ತೆರೆಯಿತು. 1926ರ ಸುರಬಾಯಾ ಮಹಾಸಭೆಯ ಅಧ್ಯಕ್ಷತೆ ವಹಿಸಿದವರು ಇದೇ ಸಿತಿ ವಾಲಿದಾ. ನಮ್ಮಲ್ಲಿ ಹೆಣ್ಣುಮಕ್ಕಳ ಇಜ್ತೆಮಾದ ದಿನಾಂಕವನ್ನು ಗೊತ್ತುಮಾಡುವ ಸಭೆಯಲ್ಲಿ ಒಬ್ಬ ಹೆಣ್ಣುಮಗಳೂ ಇರುವುದಿಲ್ಲ. ಅದಕ್ಕೇ ಅದು ನಮ್ಮ ಪ್ರಿಪರೇಟರಿ ಪರೀಕ್ಷೆಯ ವಾರಕ್ಕೆ ಬಂದು ಬೀಳುತ್ತದೆ.

ಮುಹಮ್ಮದಿಯಾವನ್ನು ಹೊಗಳಿ ಹೊಗಳಿ ಸ್ವರ್ಗಕ್ಕೆ ಏರಿಸಿದೆ ಎಂದು ಯಾರೂ ಅಂದುಕೊಳ್ಳಬಾರದು. ಇಂಡೋನೇಷ್ಯಾದಲ್ಲಿ ಕಾಯಂ ಅಲ್ಲದ 'ಗುರು ಹೊನೊರೆರ್' ಶಿಕ್ಷಕರ ಕಡಿಮೆ ಸಂಬಳ ಇಂದಿಗೂ ದೊಡ್ಡ ಚರ್ಚೆ, ಸಂಘಟನೆಗಳು ನಡೆಸುವ ಖಾಸಗಿ ಶಾಲೆಗಳೂ ಅದರಿಂದ ಹೊರತಲ್ಲ. ಶಿಶುವಿಹಾರದ ಟೀಚರ್‌ಗಳ ಪಾಡು ಇನ್ನೂ ಕಷ್ಟ. ದಹ್ಲಾನ್ ತಮ್ಮ ಮೇಜು ಮಾರಿದರು ಎಂಬ ಕಥೆಯನ್ನು ಹೇಳಿಕೊಳ್ಳುವ ಸಂಘಟನೆಯಲ್ಲೂ ಪ್ರತಿ ತಿಂಗಳು ಆ ಸಾಲನ್ನು ಹೊಸದಾಗಿ ತೀರಿಸಬೇಕು.

ಇನ್ನು ನಮ್ಮ ಮಟ್ಟಿಗೆ. ಈ ಬೇಸಿಗೆಯ ಶಿಬಿರಕ್ಕೆ ಕಾಲೇಜಿನ ಹಾಲ್ ಕೊಡುತ್ತೇವೆ, ಸ್ವಯಂಸೇವಕರಾಗಿ ನಾವೇ ಹೋಗುತ್ತೇವೆ, ಚಂದಾ ಡಬ್ಬಿ ಹಿಡಿದು ಕ್ಲಾಸಿಗೆ ಬರುವವರೂ ನಾವೇ. ಹಾಗಾಗಿ ಕೇಳುವ ಹಕ್ಕೂ ನಮಗಿದೆ. ಡಬ್ಬಿ ತಿರುಗುವ ಮೊದಲು ಒಂದು ಹಾಳೆಯ ಬಜೆಟ್ ನೋಟಿಸ್ ಬೋರ್ಡಿಗೆ ಬರಲಿ. ಅದರಲ್ಲಿ ಶಾಮಿಯಾನಕ್ಕಿಂತ ಮೇಲಿನ ಸಾಲಿನಲ್ಲಿ ಕಲಿಸುವವರ ಸಂಬಳ, ದಿನಕ್ಕೆ ಎಷ್ಟು ಎಂದು ಅಂಕಿಯಲ್ಲಿ ಇರಲಿ. ಜಕಾತ್ ಬೇರೆ, ಇಮ್ದಾದ್ ಬೇರೆ ಎಂದು ಎರಡು ರಸೀದಿ ಪುಸ್ತಕ ಇರಲಿ. ಶಿಬಿರ ಮುಗಿದ ಹದಿನೈದು ದಿನದೊಳಗೆ ಲೆಕ್ಕ ಅದೇ ಬೋರ್ಡಿಗೆ ಬರಲಿ. ಅತಿಥಿಗಳ ಪಟ್ಟಿ ಒಂದೆರಡು ಹೆಸರು ಕಡಿಮೆಯಾದರೂ ನಡೆಯುತ್ತದೆ.

ಲೆಕ್ಕ ಬರೆಯಲು ಜನ ಇಲ್ಲ ಎಂಬ ಉತ್ತರ ಬರಬಹುದೆಂದು ಮೊದಲೇ ವಿಚಾರಿಸಿದ್ದೇನೆ. ದ್ವಿತೀಯ ಪಿಯು ಕಾಮರ್ಸ್‌ನಿಂದ ನಾವು ನಾಲ್ವರು ಹುಡುಗಿಯರು, ಇಬ್ಬರು ಹುಡುಗರು ಒಪ್ಪಿದ್ದೇವೆ. ನಮ್ಮ ಅಕೌಂಟ್ಸ್ ಮೇಡಂ ಒಮ್ಮೆ ಕಣ್ಣಾಡಿಸಿ ಕೊಡುತ್ತೇನೆ ಎಂದಿದ್ದಾರೆ. ಶಿಬಿರದ ಜವಾಬ್ದಾರರು ಮಧ್ಯಾಹ್ನದ ಬಿಡುವಿನಲ್ಲಿ ರೀಡಿಂಗ್ ರೂಮಿಗೆ ಬಂದರೆ ನಾವು ಅಲ್ಲೇ ಸಿಗುತ್ತೇವೆ. ಬರುವಾಗ ಕಳೆದ ವರ್ಷದ ರಸೀದಿಗಳನ್ನೂ ತನ್ನಿ.